ಮೊಬೈಲಿನ ಮುಂದೆ ಒಡಪು

ದೇವಾಪುರದ ಬಸ್ಸಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ ಎಂ.ಎ. ಓದಲು ಯಾದಗಿರಿಗೆ ಹೊರಟಾಗ ಊರು ಸುಮ್ಮನಿರಲಿಲ್ಲ. ಮಗಳ ಬಾಣಂತನ ಮಾಡುವ ಕಾಲಕ್ಕೆ ಇವಳಿಗೆಂಥ ಸಾಲಿ ಎಂದರು ಕೆಲವರು. ಊರ ಬಾಯಿಗೆ ಅಡ್ಡ ಕೈ ಹಿಡಿಯಲಾದೀತೇ? ಬಸ್ಸಮ್ಮ ಹಿಡಿಯಲೂ ಹೋಗಲಿಲ್ಲ. ಹತ್ತಿ ಬಿಡಿಸುವ ಕೂಲಿಯ ನಡುವೆಯೇ ಮನೆಯಲ್ಲಿ ಕುಳಿತು ಬಿ.ಎ. ಮುಗಿಸಿದ ಹೆಣ್ಣು ಅದು. ಬೆಳಗಾಗುತ್ತಲೇ ರೊಟ್ಟಿ ಬಡಿದಿಟ್ಟು, ಸುರಪುರಕ್ಕೆ ಬಂದು, ಶಹಾಪುರದ ಮೇಲಿಂದ ಯಾದಗಿರಿ ಬಸ್ಸು ಹಿಡಿಯುತ್ತಿದ್ದಳು. ಸೀಟು ಸಿಕ್ಕರೆ ಪುಸ್ತಕ, ಸಿಗದಿದ್ದರೆ ಓದಿದ್ದನ್ನೇ ಮನಸ್ಸಿನಲ್ಲಿ ಮೆಲುಕು ಹಾಕುವುದು.

ತರಗತಿಯ ಹುಡುಗ ಹುಡುಗಿಯರು ಮೊದಮೊದಲು ಅವಳ ಪಕ್ಕದ ಬೆಂಚು ಬಿಟ್ಟು ಕೂರುತ್ತಿದ್ದರು. ಎರಡು ತಿಂಗಳಲ್ಲಿ ಅವಳ ಶೇಂಗಾ ಚಟ್ನಿಯ ರುಚಿ ಹತ್ತಿ, ಅಕ್ಕಾರ ಅಕ್ಕಾರ ಎಂದು ಸುತ್ತಲೇ ಸುಳಿಯತೊಡಗಿದರು. ಸಮಾಜಶಾಸ್ತ್ರದ ಮೊದಲ ಪರೀಕ್ಷೆಯಲ್ಲಿ ಅವಳು ಅವರೆಲ್ಲರಿಗಿಂತ ಮುಂದೆ ಬಂದಳು. ಆ ದಿನ ಅವಳು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದಳೆಂದು ಕಂಡಕ್ಟರನೇ ಊರಲ್ಲಿ ಹೇಳಿದ.

ಆದರೆ ಈ ಓದೆಲ್ಲ ನಿಂತಿದ್ದು ಒಂದೇ ಕಂಬದ ಮೇಲೆ. ಬೌದ್ಧ ಮನೆತನದವಳೆಂದು ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು. ಅದು ಬಂದರೆ ಓದು, ಬಾರದಿದ್ದರೆ ಮತ್ತೆ ಹತ್ತಿ ಹೊಲ. ಗಂಡ ದ್ಯಾವಪ್ಪ ಇನ್ನೊಬ್ಬರ ಹೊಲದಲ್ಲಿ ದುಡಿಯುವವನು. ಅವನ ಬೆನ್ನಿನ ಮೇಲೆ ಇನ್ನೆಷ್ಟು ಹೇರುವುದೆಂದು ಅವಳೇ ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದಳು.

ಹಿಂದಿನ ವರ್ಷ ಯಾರೋ ಯಾರದೋ ಹೆಸರಿನಲ್ಲಿ ವೇತನ ಎತ್ತಿದ್ದರಂತೆ. ಹಾಗಾಗಿ ಈ ಸಲ ಹೊಸ ಕಟ್ಟಳೆ ಬಂತು. ವಿದ್ಯಾರ್ಥಿ ಇಲಾಖೆಯ ಕಚೇರಿಗೆ ಬಂದು, ವಿಡಿಯೊ ಹಿಡಿಯುವ ಮೊಬೈಲಿನ ಮುಂದೆ ನಿಂತು ತನ್ನ ಹೆಸರು, ತಂದೆಯ ಹೆಸರು, ಮದುವೆಯಾದವಳಾದರೆ ಗಂಡನ ಹೆಸರು ಬಾಯಿಬಿಟ್ಟು ಹೇಳಬೇಕು. ಮನೆಯವರೊಬ್ಬರು ಬಂದು ಗುರುತು ಹಿಡಿಯಬೇಕು. ದ್ಯಾವಪ್ಪ ಅಂದಿನ ಕೆಲಸ ಬಿಟ್ಟು, ಮಗಳ ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ತೊಟ್ಟು ಜೊತೆಗೆ ಬಂದ. ಕಚೇರಿಯವರು ಅವನನ್ನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರಿಸಿದರು.

ಒಳಗೆ ಗುಮಾಸ್ತ ಬಾಲರಾಜ ಮೊಬೈಲು ಎತ್ತಿ ಹಿಡಿದ. ಬಸ್ಸಮ್ಮ ಸೆರಗು ಸರಿಮಾಡಿಕೊಂಡು ತನ್ನ ಹೆಸರು, ಊರು, ತರಗತಿ ಎಲ್ಲವನ್ನೂ ಗಟ್ಟಿಯಾಗಿ ಹೇಳಿದಳು. ಗಂಡನ ಹೆಸರು ಕೇಳಿದ ಕೂಡಲೇ ಬಾಯಿಗೆ ಬೀಗ ಬಿತ್ತು.

ಅವಳ ಸೀಮೆಯಲ್ಲಿ ಗಂಡನ ಹೆಸರನ್ನು ಹೆಣ್ಣುಮಕ್ಕಳು ಎತ್ತುವುದಿಲ್ಲ. ಇದೆಲ್ಲ ಬಿಡು ಎಂದು ಮಗಳು ಮಲ್ಲೇಶ್ವರಿ ಎಷ್ಟೋ ಸಲ ಬೈದಿದ್ದಳು. ಬಸ್ಸಮ್ಮನಿಗೆ ಅದು ಅಂಜಿಕೆಯಲ್ಲ, ನಾಚಿಕೆಯೂ ಅಲ್ಲ. ಪ್ರೀತಿಯವರ ಹೆಸರನ್ನು ಬೀದಿಯ ಮಾತಿನ ಹಾಗೆ ಆಡಬಾರದೆಂದು ಅವಳ ಅವ್ವ ಕಲಿಸಿದ್ದಳು, ಅಷ್ಟೇ. ಕಾಗದ ಕೊಟ್ಟರೆ ಬರೆಯುತ್ತೇನೆ ಎಂದಳು. ಬರೆದದ್ದು ನಡೆಯುವುದಿಲ್ಲ, ಬಾಯಿಂದಲೇ ಬರಬೇಕು ಎಂದ ಬಾಲರಾಜ. ಅವನ ಹುಬ್ಬು ಮೇಲೇರಿತು. ಸರದಿಯಲ್ಲಿ ನಿಂತಿದ್ದ ಹುಡುಗರು ಕಿಸಕ್ಕೆಂದರು.

"ನೋಡ್ರಿ ಎವ್ವಾ, ಸ್ವಂತ ಗಂಡನ ಹೆಸರು ಬರಲ್ಲ ಅಂದ್ರ ನನಗ ಸಂಶಯ ಬರತೈತಿ. ಅರ್ಜಿ ವಾಪಸ್ ಹೋಗತೈತಿ ಮತ್ತ."

ಬಸ್ಸಮ್ಮನ ಬಸ್ಸಿನ ಹೊತ್ತು, ಪುಸ್ತಕ, ಪರೀಕ್ಷೆ ಎಲ್ಲವೂ ಒಂದು ಹೆಸರಿನ ಮುಂದೆ ಬಂದು ನಿಂತಿದ್ದವು. ಹೇಳಿಬಿಡಲೇ ಅಂದುಕೊಂಡಳು, ನಾಲಿಗೆ ಏಳಲಿಲ್ಲ. ಆಮೇಲೆ ಅವಳಿಗೆ ಸಿಟ್ಟೇ ಬಂತು. ತನ್ನ ಅವ್ವ ಕಲಿಸಿದ್ದೂ ಸುಳ್ಳಲ್ಲ, ತಾನು ಓದಿದ್ದೂ ಸುಳ್ಳಲ್ಲ. ಎರಡರಲ್ಲಿ ಒಂದನ್ನು ಯಾಕೆ ಬಿಡಬೇಕು? ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಗೆಳತಿಯರು ಬಾಗಿಲು ಅಡ್ಡಗಟ್ಟಿ ಕೇಳಿದರೆ ಹೆಣ್ಣುಮಕ್ಕಳು ಪ್ರಾಸ ಕಟ್ಟಿ, ಒಡಪಿನೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತಾರೆ. ಇಲ್ಲಿ ಬಾಗಿಲು ಅಡ್ಡಗಟ್ಟಿದವನು ಗುಮಾಸ್ತ, ಅಷ್ಟೇ ವ್ಯತ್ಯಾಸ. ಅವಳು ಮೊಬೈಲಿನ ಕಡೆಗೆ ನೆಟ್ಟಗೆ ನೋಡಿದಳು.

"ದೇವಾಪುರದ ಹೊಲದಾಗ ತೆನಿ ತುಂಬೈತಿ ಜ್ವಾಳ,
ದ್ಯಾವಪ್ಪ ಸಾಲಿಗೆ ಕಳಿಸಿದ ಮ್ಯಾಲ ನನಗೇನ ಗೋಳ?"

ಕಿಸಕ್ಕೆಂದಿದ್ದ ಹುಡುಗರೇ ಚಪ್ಪಾಳೆ ತಟ್ಟಿದರು. ಬಾಲರಾಜ ನಗು ತಡೆಯಲು ನೋಡಿ ಸೋತ. ತನ್ನ ಅಕ್ಕನೂ ಹೀಗೆಯೇ ಎಂದು ಒಪ್ಪಿಕೊಂಡು, ಗುರುತು ಹಿಡಿಯುವವರನ್ನು ಕರೆಯಿರಿ ಎಂದ.

ದ್ಯಾವಪ್ಪ ಒಳಗೆ ಬಂದ. ಬಾಗಿಲು ತೆರೆದೇ ಇದ್ದುದರಿಂದ ಒಡಪು ಅವನ ಕಿವಿಗೂ ಬಿದ್ದಿತ್ತು, ಕಣ್ಣುಗಳು ಒದ್ದೆಯಾಗಿದ್ದವು. ಇಷ್ಟು ವರ್ಷದ ಸಂಸಾರದಲ್ಲಿ ಅವನೂ ಹೆಂಡತಿಯನ್ನು ಹೆಸರಿಟ್ಟು ಕರೆದವನಲ್ಲ. ಮನೆಯಲ್ಲಿ ಅವಳು ಮಲ್ಲೇಶಿಯ ಅವ್ವ, ಮಂದಿಯ ಮುಂದೆ ನಮ್ಮಾಕಿ. ಇವರಾರು, ನಿಮಗೇನಾಗಬೇಕು, ಅಷ್ಟು ಹೇಳಿದರೆ ಸಾಕೆಂದು ಬಾಲರಾಜ ಮೊಬೈಲು ಹಿಡಿದ. ಇವನೂ ಒಡಪು ಕಟ್ಟುತ್ತಾನೆಂದು ಹುಡುಗರು ಕಾದರು. ದ್ಯಾವಪ್ಪ ಕಟ್ಟಲಿಲ್ಲ. ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡು, ಹೊಲದ ಆ ಬದುವಿನವರಿಗೂ ಕೇಳುವಂತೆ ಹೇಳಿದ.

"ಈಕಿ ಬಸ್ಸಮ್ಮ. ನನ್ನ ಹೆಂಡ್ತಿ. ಎಂ.ಎ. ಓದಾಕತ್ತಾಳ."

ಬಸ್ಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಲರಾಜ ಅರ್ಜಿ ಪಾಸಾಯಿತೆಂದು ಕಂಪ್ಯೂಟರಿನಲ್ಲಿ ಒತ್ತಿ, ಓದಿನ ಸಂಗತಿ ಕಾಗದದಲ್ಲೇ ಇದೆ, ಅದನ್ನು ನಿಮಗೆ ಕೇಳಿರಲಿಲ್ಲ ಎಂದ.

"ನೀವು ಕೇಳಿಲ್ಲ ಖರೆ ಸಾಹೇಬ್ರ," ಎಂದ ದ್ಯಾವಪ್ಪ. "ನನಗ ಹೇಳಬೇಕಿತ್ತು."