ಎರಡನೇ ಡ್ರಮ್ಮು

ಬೂದಿಕೋಟೆ ರಸ್ತೆಯಲ್ಲಿ ಟ್ಯಾಂಕರ್ ಮಗುಚಿ, ಡೀಸೆಲ್ಲೆಲ್ಲ ಹರಿದು ಚಿಕ್ಕವೆಂಕಟಮ್ಮನ ಹಳ್ಳದಂಚಿನ ಮರಳುಹೊಲ ಸೇರಿತು. ಸೀಮೆಹುಲ್ಲು ಕಪ್ಪಾಗಿ ಒಣಗಿಹೋಯಿತು. ಪಕ್ಕದ ಸೀನಪ್ಪನ ಹೊಲಕ್ಕೂ ಅದೇ ಗತಿ. ಆ ಹುಲ್ಲನ್ನು ನಂಬಿಯೇ ಅವಳು ಎರಡು ಹಸು ಕಟ್ಟಿದ್ದಳು. ಮಳೆಗಾಲದೊಳಗೆ ಮಣ್ಣು ಸರಿಹೋಗದಿದ್ದರೆ ಒಂದನ್ನು ಸಂತೆಗೆ ಹೊಡೆಯಲೇಬೇಕಿತ್ತು.

ಅಂಥ ಹೊತ್ತಿನಲ್ಲಿ ಅಣ್ಣನ ಮಗ ಸುಧಾಕರ್ ಊರಿಗಾಂನಿಂದ ಬಂದ. ಮಣ್ಣು ಶುದ್ಧಮಾಡುವ ಕಂಪನಿಯಲ್ಲಿ ಅವನಿಗೆ ಕೆಲಸ. ದೇವರೇ ಕಳಿಸಿದ ಎಂದುಕೊಂಡಳು, ಪಾಪ.

“ಎಣ್ಣೆ ತಿನ್ನೋ ಹುಳ ಮಣ್ಣಾಗೇ ಅವೆ ಅತ್ತೆ, ಕಣ್ಣಿಗೆ ಕಾಣಾಕಿಲ್ಲ. ಯೂರಿಯಾ, ಡಿಎಪಿ ಕರಗಿಸಿ ಉಯ್ದರೆ ಅವು ಎಚ್ಕೊಂಡು ಎಣ್ಣೇನೆಲ್ಲ ತಿಂದಾಕ್ತವೆ” ಎಂದ. ಆ ಔಷಧಿ ನೀರೆಂದು ಎರಡು ಡ್ರಮ್ಮು ತಂದಿಳಿಸಿದ. ಒಂದನೆಯದು ಸೀನಪ್ಪನಿಗೆ, ಎರಡನೆಯದು ಇವಳಿಗೆ.

ನಾಲ್ಕು ತಿಂಗಳು ಸೊಂಟ ಬೀಳುವ ಹಾಗೆ ಮರಳು ತಿರುವಿಹಾಕಿ, ಬಿಂದಿಗೆಯಲ್ಲಿ ಡ್ರಮ್ಮಿನ ನೀರು ಹೊತ್ತು ಹುಯ್ದಳು. ವಾರಕ್ಕೊಮ್ಮೆ ಡ್ರಮ್ಮು ತುಂಬಿಸಲು ಬರುವ ಸುಧಾಕರನಿಗೆ ಬಿಸಿ ಮುದ್ದೆ ಬಡಿಸಿದಳು. ಸೀನಪ್ಪನ ಕಡೆ ಗರಿಕೆ ಚಿಗುರಿತು. ಇವಳ ಕಡೆ ಇನ್ನೂ ಡೀಸೆಲ್ ವಾಸನೆ. ನನ್ನ ಕೈಗುಣವೇ ಸರಿಯಿಲ್ಲವೆಂದು ತನ್ನನ್ನೇ ಬೈದುಕೊಂಡಳು.

ಒಂದು ಸೋಮವಾರ ಸುಧಾಕರ್ ಪರೀಕ್ಷೆಗೆ ಮಣ್ಣು ತುಂಬಿಕೊಳ್ಳುತ್ತಿದ್ದಾಗ, ಹಸುವೊಂದು ಹಗ್ಗ ಕಿತ್ತುಕೊಂಡು ಬಂದು, ಮುಚ್ಚಳ ತೆಗೆದಿದ್ದ ಎರಡನೇ ಡ್ರಮ್ಮಿಗೆ ಮೂತಿಯಿಟ್ಟು ಗಟಗಟನೆ ಕುಡಿಯಿತು. ಯೂರಿಯಾ ನೀರು ಕುಡಿದ ದನ ಹೊಟ್ಟೆಯುಬ್ಬಿ ಸತ್ತದ್ದನ್ನು ಅವಳು ಕಣ್ಣಾರೆ ಕಂಡವಳು. ಓಡಿಹೋಗಿ ಹಸುವಿನ ಹಗ್ಗ ಹಿಡಿದೆಳೆದಳು.

“ಅಯ್ಯೋ, ನನ್ನ ಅಸ! ಡಾಕ್ಟ್ರಿಗೆ ಫೋನ್ ಮಾಡೋ!”

“ಗಾಬ್ರಿ ಬೀಳ್ಬ್ಯಾಡ ಅತ್ತೆ, ಏನೂ ಆಗಲ್ಲ. ಅದು ಬರೀ ನೀರು” ಎಂದುಬಿಟ್ಟು ಸುಧಾಕರ್ ನಾಲಿಗೆ ಕಚ್ಚಿಕೊಂಡ.

“ಬರೀ ನೀರಾ?”

“ಒಂದು ಕಡೆ ಔಸ್ದಿ ಆಕಿ, ಇನ್ನೊಂದು ಕಡೆ ಆಕ್ದೆ ನೋಡ್ಬೇಕು. ಇಲ್ದಿದ್ರೆ ಔಸ್ದಿಯಿಂದ್ಲೇ ವಾಸಿಯಾಯ್ತು ಅಂತ ಯಾರು ನಂಬ್ತಾರೆ? ಬರೀ ನೀರಿಗೆ ಸೀನಪ್ಪ ಒಪ್ಪಲಿಲ್ಲ. ನೀನಾದ್ರೆ ನಮ್ಮೋಳು, ಏನೂ ಕೇಳಲ್ಲ ಅಂತ...”

ಟ್ಯಾಂಕರಿನವನು ಬೇಕೆಂದು ಮಗುಚಿರಲಿಲ್ಲ. ಇವನು ಬೇಕೆಂದೇ ಮಾಡಿದ್ದ, ಅವಳ ಕೈತುತ್ತು ಉಣ್ಣುತ್ತಲೇ.

“ಔಸ್ದಿ ಇಲ್ಲ ಅಂದಿದ್ರೆ ಆ ಹುಳಕ್ಕೆ ಕೊಟ್ಟಿಗೆ ಗಂಜಲಾನಾದ್ರೂ ಉಯ್ತಿದ್ನಲ್ಲೋ!” ಎಂದವಳೇ ಹೋಗಿ ಗಂಜಲದ ಬಕೆಟ್ ಹೊತ್ತು ತಂದಳು. ಸುಧಾಕರ್ ಕೈ ಅಗಲಿಸಿ ಹೊಲಕ್ಕೆ ಅಡ್ಡ ನಿಂತ.

“ಇನ್ನೆರಡೇ ತಿಂಗ್ಳು ಅತ್ತೆ! ಈಗ ಆಕಿದ್ರೆ ಇಷ್ಟು ದಿನದ ಕೆಲ್ಸ ಎಲ್ಲಾ ಆಳಾಗೋಗ್ತದೆ!”

“ಯಾರ ಕೆಲ್ಸಲಾ?” ಎಂದಳು. ಅವನು ಕದಲಲಿಲ್ಲ. ಅವಳು ಬಕೆಟ್ ಎತ್ತಿ, ಅವನ ಬೂಟುಗಾಲನ್ನೂ ಸೇರಿಸಿಯೇ ಹುಯ್ದಳು.