ನಾಯಿ ಒಪ್ಪಿದ ಮಟ್ಟ

ತಕ್ಕಡಿ ರಿಪೇರಿ ಮಾಡುವವನ ಮನೆಯಲ್ಲಿ ನಾಯಿಗಳಿಗೆ ಇನ್ನೇನು ಹೆಸರಿಡುತ್ತಾರೆ? ಮೊದಲು ಬಂದದ್ದು ಕಿಲೋ. ಅದಕ್ಕೆ ವಯಸ್ಸಾಗುವ ಹೊತ್ತಿಗೆ ಬಂದದ್ದು ಅರ್ಧ. ಅರ್ಧದ ಕೊನೆಗಾಲದಲ್ಲಿ, ಅಪ್ಪನ ಕೋಟಿನ ಜೇಬಿನಲ್ಲಿ ಕೂತು ಬಂದ ಕಂದು ಬಣ್ಣದ ಹೆಣ್ಣುಮರಿಗೆ ಪಾವು. ಈಗ ಪಾವಿನ ಮೂತಿ ಬೆಳ್ಳಗಾಗಿತ್ತು, ಒಂದು ಕಿವಿ ಕೇಳುತ್ತಿರಲಿಲ್ಲ, ತೂಕವಂತೂ ಹೆಸರನ್ನು ಎಂದೋ ಮೀರಿತ್ತು.

ಅಪ್ಪ ಬದುಕಿದ್ದಾಗಲೇ ಅಂಗಡಿ ಮಗಳದಾಗಿತ್ತು. ಮಾರುಕಟ್ಟೆಯ ಮೀನಿನವರು, ತರಕಾರಿಯವರು, ಅಕ್ಕಸಾಲಿಗರು ಎಲ್ಲರಿಗೂ ಅವಳು ‘ತಕ್ಕಡಿ ಅಕ್ಕ’. ಸಾಸಿವೆ ಕಾಳಿನಷ್ಟು ಸುಳ್ಳು ಹೇಳುವ ತಕ್ಕಡಿಯನ್ನೂ ಅವಳು ಬೆನ್ನ ಮೇಲೆ ತಟ್ಟಿ ಸರಿದಾರಿಗೆ ತರುತ್ತಿದ್ದಳು. ಕೆಲಸಕ್ಕೆ ಕೂರುವ ಮೊದಲು ಮೇಜಿನ ಮೇಲೆ ರಸಮಟ್ಟ ಇಟ್ಟು, ಗಾಜಿನ ನಳಿಗೆಯೊಳಗಿನ ಗುಳ್ಳೆ ನಡುಗೆರೆಯಲ್ಲಿ ನಿಂತಿತೇ ನೋಡುವುದು ಅವಳ ಪಾಲಿಗೆ ಹಲ್ಲುಜ್ಜುವಷ್ಟೇ ಸಹಜ. ‘ಇವಳು ಗಂಡು ನೋಡೋಕೆ ಹೋದ್ರೂ ರಸಮಟ್ಟ ತಗೊಂಡು ಹೋಗ್ತಾಳೆ, ಅದಕ್ಕೇ ಯಾರೂ ಸರಿಹೋಗಲಿಲ್ಲ’ ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಆ ಮನೆಯ ಇನ್ನೊಂದು ಆಸ್ತಿ ಗೂಡು. ಕಾರಿನ ಹಿಂದೆ ಕಟ್ಟಿ ಎಳೆಯುವ, ಎರಡೇ ಚಕ್ರದ ಸಣ್ಣ ಟ್ರೇಲರ್. ಒಳಗೆ ಹಿಂಬದಿಯ ಗೋಡೆಗುಂಟ ಅಡ್ಡಡ್ಡವಾಗಿ ಒಂದು ಮಂಚ, ಮಡಿಸಿಡುವ ಮೇಜು, ಒಂದು ಸ್ಟೌ, ನಾಲ್ಕು ಜನ ನಿಂತರೆ ಐದನೆಯವರು ಉಸಿರು ಬಿಡಲು ಹೊರಗೆ ಹೋಗಬೇಕಾದಷ್ಟು ಜಾಗ. ಸೀಮೆಎಣ್ಣೆ, ಒದ್ದೆ ನಾಯಿ, ಸುಟ್ಟ ಬ್ರೆಡ್ಡು ಮೂರೂ ಬೆರೆತ ವಾಸನೆ. ತಕ್ಕಡಿ ಅಕ್ಕನಿಗೆ ಬಾಲ್ಯ ಎಂದರೆ ಆ ವಾಸನೆಯೇ. ರಜಾ ಬಂತೆಂದರೆ ಅಪ್ಪ, ಅಮ್ಮ, ಅವಳು, ತಮ್ಮ, ಜೊತೆಗೆ ಆ ಕಾಲಕ್ಕೆ ಯಾವ ತೂಕದ ನಾಯಿ ಇತ್ತೋ ಅದು, ಎಲ್ಲರೂ ಗೂಡು ಎಳೆದುಕೊಂಡು ಕೆರೆಯ ಪಕ್ಕದ ಹುಲ್ಲುಗಾವಲಿಗೆ ಹೋಗುತ್ತಿದ್ದರು.

ಅಲ್ಲಿ ಗೂಡನ್ನು ಮಟ್ಟವಾಗಿ ನಿಲ್ಲಿಸಬೇಕಲ್ಲ? ಅದಕ್ಕೆ ಅಪ್ಪನದೊಂದು ಕ್ರಮವಿತ್ತು. ರಸಮಟ್ಟ ಚೀಲದಲ್ಲೇ ಇರುತ್ತಿತ್ತು. ನಾಯಿಯನ್ನು ಒಳಗೆ ಕಳಿಸುತ್ತಿದ್ದ. ಅದು ಮಂಚದ ಮುಂದೆ ಸುತ್ತುತ್ತ, ಮೂಸುತ್ತ, ನಿಂತೇ ಇದ್ದರೆ ನೆಲ ಸರಿಯಿಲ್ಲ ಎಂದರ್ಥ. ಆಗ ‘ಎಡಕ್ಕೊಂದು ಹಲಗೆ!’ ಎಂದು ಕೂಗುತ್ತಿದ್ದ. ಮಗಳು ಓಡಿ ಚಕ್ರದ ಮುಂದೆ ಹಲಗೆ ಇಡಬೇಕು, ಅಮ್ಮ ಕಾರನ್ನು ಗೇಣಷ್ಟು ಮುಂದೆ ತರಬೇಕು. ಮತ್ತೆ ನಾಯಿ ಒಳಗೆ. ಕೊನೆಗೊಮ್ಮೆ ಅದು ದೊಡ್ಡದೊಂದು ನಿಟ್ಟುಸಿರು ಬಿಟ್ಟು ದಬಕ್ಕನೆ ಬಿದ್ದುಕೊಂಡಿತೋ, ಅಪ್ಪ ‘ಸೈ’ ಎಂದು ಕೈ ಒರೆಸಿಕೊಳ್ಳುತ್ತಿದ್ದ.

‘ಅಂಗಡಿಯಲ್ಲಿ ಅಷ್ಟೊಂದು ಕಟ್ಟುನಿಟ್ಟು, ಇಲ್ಲಿ ನೋಡಿದ್ರೆ ನಾಯಿ ಹೇಳಿದ್ದೇ ವೇದವಾಕ್ಯ. ರಸಮಟ್ಟ ತೆಗೀಬಾರದಾ ಅಪ್ಪಾ?’ ಎಂದು ಅವಳು ಒಮ್ಮೆ ಕೇಳಿದ್ದಳು.

‘ಅದಕ್ಕೂ ರಜಾ ಬೇಡವೇನೇ?’ ಎಂದಿದ್ದ ಅಪ್ಪ.

ಕಿಲೋ ಮಾಡುವುದನ್ನು ನೋಡಿ ಅರ್ಧ ಕಲಿಯಿತು, ಅರ್ಧ ಮಾಡುವುದನ್ನು ನೋಡಿ ಪಾವು. ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಹರಿಯುವುದು ಮನುಷ್ಯರಲ್ಲೇ ಆಗಬೇಕೆಂದೇನಿಲ್ಲ.

ಆಮೇಲೆ ಮಕ್ಕಳು ದೊಡ್ಡವರಾದರು, ತಮ್ಮ ಬಸ್ ಡ್ರೈವರ್ ಆಗಿ ಬೇರೆ ಮನೆ ಮಾಡಿದ, ಗೂಡು ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿತು. ಅಂಗಡಿಯನ್ನು ಮಗಳ ಕೈಗೆ ಬಿಟ್ಟ ವರ್ಷ ಅಪ್ಪ ಇದ್ದಕ್ಕಿದ್ದಂತೆ ಗೂಡಿನೊಳಗೆ ಮಲಗಲು ಶುರುಮಾಡಿದ. ಕೇಳಿದರೆ, ‘ಪಾವು ಒಬ್ಬಳೇ ಮಲಗಲ್ಲ ಅಂತಾಳೆ, ನಾನೇನು ಮಾಡ್ಲಿ?’ ಎನ್ನುತ್ತಿದ್ದ. ವಯಸ್ಸಾದ ಮೇಲೆ ನಾಯಿಗೆ ದಾದಿಯಾದ ಎಂದು ಎಲ್ಲರೂ ನಕ್ಕರು. ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಅವಳು ಲೋಟದ ತುಂಬ ಚಹಾ ಒಯ್ದರೆ ಅಪ್ಪ ಬಾಗಿಲಲ್ಲೇ ಕೂತಿರುತ್ತಿದ್ದ. ಒಳಗೆ ಇಡುತ್ತೇನೆ ಎಂದರೆ ಬಿಡುತ್ತಿರಲಿಲ್ಲ. ‘ಕೈಗೇ ಕೊಡು. ಮಲಗಿದ್ದಾಳೆ, ಎಬ್ಬಿಸಬೇಡ.’ ಅಪ್ಪನ ಬಗ್ಗೆ ಯಾರು ಏನೇ ಕೇಳಲಿ, ತಕ್ಕಡಿ ಅಕ್ಕನಿಗೆ ಮೊದಲು ನೆನಪಾಗುವುದು ಚಾಚಿದ ಆ ಕೈ.

ಅಪ್ಪ ಹೋದ ಮೇಲೂ ಪಾವು ಗೂಡು ಬಿಡಲಿಲ್ಲ. ಹಗಲೆಲ್ಲ ಅಂಗಡಿಯಲ್ಲಿ ತಕ್ಕಡಿ ಅಕ್ಕನ ಕಾಲ ಬುಡದಲ್ಲಿ ನಿಂತೋ ಕೂತೋ ಇರುತ್ತಿತ್ತು. ಆದರೆ ಮಲಗುವುದಕ್ಕೆ ಮಾತ್ರ ಗೂಡೇ ಆಗಬೇಕು. ಅದನ್ನು ಗುಡಿಸಿ ಒರೆಸುತ್ತಿದ್ದವಳು ಅಮ್ಮ. ಒಳಗೆ ಕಾಲಿಡುವ ಧೈರ್ಯ ಮಗಳಿಗೆ ಬಂದಿರಲಿಲ್ಲ.

ಈಗ ಬಾಡಿಗೆ ಮನೆಯ ಮಾಲೀಕ ಮನೆ ಕೆಡವಲು ಹೊರಟಿದ್ದ. ಅಮ್ಮ, ಮಗಳು ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಗೆ ಹೋಗುವುದೆಂದಾಯಿತು. ಅಲ್ಲಿ ಅಂಗಳವಿಲ್ಲ. ಜೇನು ಸಾಕುವವನೊಬ್ಬ, ಪೆಟ್ಟಿಗೆಗಳ ಹತ್ತಿರ ಮಲಗಲು ಬೇಕೆಂದು ಗೂಡನ್ನು ಕೇಳಿದ್ದ. ತೊಂದರೆ ಇದ್ದದ್ದು ಪಾವಿನದು. ಎರಡು ಸಲ ಮಹಡಿಗೆ ಕರೆದೊಯ್ದು ನೋಡಿದರು. ಅದು ಬೆಳಗಿನವರೆಗೆ ಸುತ್ತಿತು, ಬಾಗಿಲು ಕೆರೆಯಿತು, ಕಾಲು ನಡುಗಿದರೂ ಮಲಗಲಿಲ್ಲ.

‘ಗೂಡಿನ ಜೊತೆ ಅವಳನ್ನೂ ಜೇನಿನವರಿಗೇ ಕೊಡೋಣ ಅಕ್ಕಾ. ಒಳ್ಳೆ ಮನುಷ್ಯ. ಅವಳಿಗೆ ಬೇಕಿರೋದು ಗೂಡು, ನೀನಲ್ಲ’ ಎಂದ ತಮ್ಮ. ನಿಜ ಹೇಳುವಾಗ ಬ್ರೇಕ್ ಹಾಕುವ ಅಭ್ಯಾಸ ಅವನಿಗಿರಲಿಲ್ಲ.

ತಕ್ಕಡಿ ಅಕ್ಕ ಒಂದು ಉಪಾಯ ಹೂಡಿದಳು. ಹೊಸ ಹಾಸಿಗೆಯೊಂದನ್ನು ಹೊಲಿಸಿ, ಗೂಡಿನೊಳಗೆ ಹಾಸಿ, ಪಾವನ್ನು ಅದರ ಮೇಲೆ ಮಲಗಿಸುವುದು. ಗೂಡಿನ ವಾಸನೆ ಹತ್ತಿದ ಹಾಸಿಗೆಯನ್ನು ಮಹಡಿಗೆ ಒಯ್ಯುವುದು. ಅದಕ್ಕಾಗಿ ಕೊನೆಯದಾಗಿ ಒಮ್ಮೆ ಕೆರೆಯ ಹುಲ್ಲುಗಾವಲಿಗೆ ಹೋಗಿಬರೋಣ ಎಂದಳು. ಮರುದಿನ ಮಧ್ಯಾಹ್ನ ಜೇನಿನವನು ಅಲ್ಲಿಗೇ ಬಂದು ಗೂಡನ್ನು ಒಯ್ಯುವುದು. ಅಷ್ಟರೊಳಗೆ ಹಾಸಿಗೆ ಗೆಲ್ಲಬೇಕು, ಇಲ್ಲವೇ ನಾಯಿಯನ್ನೂ ಕಳಿಸಬೇಕು.

ತಮ್ಮ ಕಾರು ತಂದ, ಜೊತೆಗೆ ತನ್ನ ನಾಯಿಮರಿಯನ್ನೂ. ಅದರ ಹೆಸರು ಚಿಲ್ಲರೆ. ಟಾರ್ಪಾಲು ತೆಗೆದು ಗೂಡನ್ನು ಅಂಗಳದಿಂದ ಎಳೆದಾಗ ಎಡ ಚಕ್ರದ ಕೆಳಗಿನಿಂದ ಒಂದರ ಮೇಲೊಂದು ಪೇರಿಸಿದ ದಪ್ಪ ಹಲಗೆಗಳು ಕಂಡವು. ಅಂಗಳ ಎಡಕ್ಕೆ ಇಳಿಜಾರು ಎಂದು ಅಪ್ಪ ಹೇಳುತ್ತಿದ್ದದ್ದು ಅವಳಿಗೆ ನೆನಪಿತ್ತು. ಮಣ್ಣು ಕೊಡವಿ ಹಲಗೆಗಳನ್ನು ಗೂಡಿನ ಮುಂಭಾಗದ ಪೆಟ್ಟಿಗೆಗೆ ಹಾಕಿದಳು.

ಹುಲ್ಲುಗಾವಲು ಹಾಗೇ ಇತ್ತು, ನಲ್ಲಿ ಮಾತ್ರ ಹೊಸದು. ಸಂಜೆಯ ಬಿಸಿಲು ಕೆರೆಯ ಮೇಲೆ ಓರೆಯಾಗಿ ಬಿದ್ದಿತ್ತು. ತಕ್ಕಡಿ ಅಕ್ಕ ಚೀಲದಿಂದ ರಸಮಟ್ಟ ತೆಗೆದಳು.

‘ಅಪ್ಪ ಇದ್ದಿದ್ರೆ ನಾಯಿ ಬಿಡ್ತಿದ್ರು’ ಎಂದ ತಮ್ಮ.

‘ನಾಯಿಗೆ ವಯಸ್ಸಾಯ್ತು ಕಣೋ, ಇದಕ್ಕಾಗಿಲ್ಲ. ಒಂಚೂರು ಹಿಂದೆ ತಗೋ. ಸಾಕು, ಸಾಕು ಅಂದೆ! ಇದೇನು ನಿನ್ನ ಬಸ್ಸಾ, ಸ್ಟಾಪ್ ದಾಟಿ ನಿಲ್ಲಿಸೋಕೆ?’

ಗುಳ್ಳೆ ನಡುಗೆರೆಯಲ್ಲಿ ಕಲ್ಲಿನಂತೆ ನಿಂತಿತು. ಹೊಸ ಹಾಸಿಗೆ ಹಾಸಿ ಪಾವನ್ನು ಒಳಗೆ ಕಳಿಸಿದಳು. ಪಾವು ಮೂಸಿತು, ಸುತ್ತಿತು. ಮಂಚಕ್ಕೆ ಮೂತಿ ಆನಿಸಿ ನಿಂತಿತು. ಮತ್ತೆ ಸುತ್ತಿತು. ಹಾಸಿಗೆಗೆ ಮುನಿದಿರಬೇಕೆಂದು ಅದನ್ನು ತೆಗೆದು ಹಳೆಯ ಕಂಬಳಿ ಹಾಕಿದಳು. ಊಹೂಂ. ಚಿಲ್ಲರೆ ಒಳಗೆ ನುಗ್ಗಿ, ಕಂಬಳಿಯ ಮೇಲೆ ಉರುಳಿ, ಹೊಟ್ಟೆ ಮೇಲೆ ಮಾಡಿ ನಿದ್ದೆ ಹೋಯಿತು. ಪಾವು ನಿಂತೇ ಇತ್ತು. ಹಿಂಗಾಲು ನಡುಗುತ್ತಿತ್ತು.

ತಕ್ಕಡಿ ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. ಹಾಸಿಗೆಯ ಉಪಾಯ ಹೋದರೆ ಹೋಗಲಿ, ಈಗ ಗೂಡೇ ಬೇಡವೆಂದರೆ? ಜೇನಿನವನ ಹತ್ತಿರ ಹೋದರೂ ಇದು ನಿಂತೇ ಸಾಯುತ್ತದೆಯೇ?

‘ತಲೆ ಕೆಟ್ಟಿರಬೇಕು ಅಕ್ಕಾ, ವಯಸ್ಸು’ ಎಂದ ತಮ್ಮ. ಈ ಸಲ ದನಿ ಇಳಿದಿತ್ತು.

ಅಮ್ಮ ಹೊರಗೆ ಮಡಚು ಕುರ್ಚಿಯಲ್ಲಿ ಕೂತು ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು. ಬಹಳ ಹೊತ್ತಿನಿಂದ ಅವಳ ಕೈಯಲ್ಲಿ ಒಂದೇ ಆಲೂಗಡ್ಡೆ ಇತ್ತು.

‘ಆ ಹಲಗೆಗಳು ಎಲ್ಲಿ?’ ಎಂದಳು.

‘ಪೆಟ್ಟಿಗೇಲಿವೆ. ಯಾಕೆ? ನೆಲ ಸರಿಯಾಗೇ ಇದೆಯಲ್ಲಮ್ಮ.’

‘ನಿನಗೆ ಸರಿಯಾಗಿದೆ. ಅವಳಿಗಲ್ಲ. ಎಡ ಚಕ್ರದ ಕೆಳಗೆ ಇಡು.’

‘ಅಂಗಳ ಇಳಿಜಾರು ಅಂತ ಅಪ್ಪ ಅಲ್ಲಿ ಇಟ್ಟಿದ್ರು. ಇಲ್ಲಿ ಇಟ್ರೆ ಗಾಡಿ ಸೊಟ್ಟ ಆಗುತ್ತೆ.’

‘ಅಂಗಳ ಇಳಿಜಾರಂತೆ!’ ಅಮ್ಮ ನಕ್ಕಳು, ನಗು ಅರ್ಧದಲ್ಲೇ ತಿರುಗಿಕೊಂಡಿತು. ‘ಮಳೆ ಬಂದ್ರೆ ನೀರು ಹರಿದದ್ದು ನೋಡಿದ್ದೀಯೇನೇ ಆ ಅಂಗಳದಲ್ಲಿ? ಬಿದ್ದಲ್ಲೇ ನಿಲ್ತಿತ್ತು. ಊರವರ ತಕ್ಕಡಿಯೆಲ್ಲ ಅಳೀತೀಯ, ಮನೆ ಅಂಗಳ ಅಳೀಲಿಲ್ಲ.’

ದೀಪದ ಬುಡದಲ್ಲೇ ಕತ್ತಲೆ. ಮಳೆಗಾಲದಲ್ಲಿ ಆ ಅಂಗಳದ ನೀರಿನಲ್ಲಿ ಇಡೀ ಗೂಡು ತಲೆಕೆಳಗಾಗಿ ಕಾಣುತ್ತಿತ್ತು. ಅವಳೇ ಕಂಡದ್ದು.

‘ನಿಮ್ಮಪ್ಪನಿಗೆ ಆ ವರ್ಷ ಸಮಕ್ಕೆ ಮಲಗಿದ್ರೆ ಉಸಿರು ಸಿಕ್ತಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ರು, ತಲೆ ಎತ್ತರ ಮಾಡ್ಕೊಂಡು ಮಲಗಿ ಅಂದಿದ್ರು. ಬರೀ ದಿಂಬು ಪೇರಿಸಿದ್ರೆ ಕತ್ತು ನೋವು. ಹಾಸಿಗೇನೇ ಎತ್ತಬೇಕು, ಮನೇಲಿ ಎತ್ತಿದ್ರೆ ಮಗಳು ನೋಡ್ತಾಳೆ ಅಂದ್ರು. ಅದಕ್ಕೇ ಗಾಡೀನೇ ಎತ್ತಿದ್ರು.’

‘ನಾನು ನೋಡಿದ್ರೆ ಏನಾಗ್ತಿತ್ತು?’

‘ಅಂಗಡಿ ಮುಚ್ಚಿ ಮುಂದೆ ಬಂದು ಕೂತ್ಕೋತಾಳೆ, ನನ್ನ ಎದೆ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನೋಡ್ತಾಳೆ, ಹೇಳ್ಬೇಡ ಅಂದ್ರು. ಆಣೆ ಹಾಕಿಸಿಕೊಂಡಿದ್ರು. ನೀನು ಆಗತಾನೇ ಅಂಗಡೀಲಿ ಕಾಲೂರ್ತಿದ್ದೆ.’ ಅಮ್ಮ ಆಲೂಗಡ್ಡೆಯನ್ನು ತಟ್ಟೆಗೆ ಹಾಕಿದಳು. ‘ನಾಯಿ ಜೊತೆ ಬೇಡುತ್ತೆ ಅಂದದ್ದೆಲ್ಲ ಬುರುಡೆ. ಆದರೆ ಅವಳು ನಂಬಿಬಿಟ್ಟಳು, ಪಾಪ. ಅವರು ಮಲಗಿದ್ದೇ ಮಟ್ಟ ಅಂದ್ಕೊಂಡ್ಲು.’

ತಮ್ಮ ಎದ್ದು ಕಾರು ಚಾಲೂ ಮಾಡಿದ. ತಕ್ಕಡಿ ಅಕ್ಕ ಪೆಟ್ಟಿಗೆಯಿಂದ ಹಲಗೆಗಳನ್ನು ತಂದು, ಮೊಣಕಾಲೂರಿ, ಎಡ ಚಕ್ರದ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಇಟ್ಟಳು. ಚಿಕ್ಕವಳಿದ್ದಾಗಲೂ ಹೀಗೇ ಇಡುತ್ತಿದ್ದಳು, ಆಗ ಬೆರಳು ಜಜ್ಜೀತು ಜೋಪಾನ ಎಂದು ಒಂದು ದನಿ ಕೂಗುತ್ತಿತ್ತು.

‘ಬೆರಳು ಜೋಪಾನ ಅಕ್ಕಾ’ ಎಂದ ತಮ್ಮ, ಕಿಟಕಿಯಿಂದ ತಲೆ ಹೊರಹಾಕಿ.

ಗೂಡು ನರಳಿ, ಎಡಗಡೆ ಮೇಲೆದ್ದಿತು. ಒಳಗಿದ್ದ ರಸಮಟ್ಟದಲ್ಲಿ ಗುಳ್ಳೆ ಎಡತುದಿಗೆ ಓಡಿ ಅಂಟಿಕೊಂಡಿತು. ಅಂಗಡಿಯಲ್ಲಾಗಿದ್ದರೆ ಅವಳು ಅಂಥ ಮೇಜಿನ ಮೇಲೆ ಒಂದು ಮೊಳೆಯನ್ನೂ ಇಡುತ್ತಿರಲಿಲ್ಲ. ಉರುಳಿಕೊಂಡು ಬಂದ ಚಿಲ್ಲರೆ ಎಚ್ಚರವಾಗಿ, ಯಾರೋ ಒದ್ದರೆಂದು ತಿಳಿದು ಬೊಗಳಿತು. ಪಾವು ಕಂಬಳಿಯನ್ನು ಮೂಸಿತು. ಒಂದು ಸುತ್ತು ಹಾಕಿತು. ಎತ್ತರದ ಕಡೆಗೆ ತಲೆ ಮಾಡಿ, ಒಳಗಿದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ದಬಕ್ಕನೆ ಬಿದ್ದುಕೊಂಡಿತು.

‘ಸೈ’ ಎಂದಳು ಅಮ್ಮ, ಹೊರಗಿನಿಂದಲೇ.

ಬೆಳಿಗ್ಗೆ ತಕ್ಕಡಿ ಅಕ್ಕ ಚಹಾ ಮಾಡಿ, ಅಭ್ಯಾಸದಂತೆ ಲೋಟದ ತುಂಬ ಸುರಿದು, ಮಡಚು ಮೇಜಿನ ಮೇಲೆ ಇಟ್ಟಳು. ಚಹಾ ಲೋಟದ ಒಂದು ಅಂಚಿಗೆ ಏರಿ ನಿಂತು, ತುಳುಕಿ, ಮೇಜಿನಗುಂಟ ಕೆಳಗೆ ಹರಿಯಿತು. ಅವಳು ಒರೆಸಲಿಲ್ಲ. ಕೈಗೇ ಕೊಡು ಎಂದು ಬಾಗಿಲಲ್ಲಿ ಕೈ ಚಾಚಿ ಕೂತವನು ಏನನ್ನು ಮುಚ್ಚಿಡುತ್ತಿದ್ದ ಎಂದು ಅವಳಿಗೆ ಈಗ ಕಾಣಿಸಿತು. ಒಂದು ಲೋಟ ಚಹಾ ಸಾಕಿತ್ತು, ಅವಳಿಗೆ ಎಲ್ಲ ತಿಳಿಯುವುದಕ್ಕೆ. ಅದನ್ನು ಅವನು ದಿನವೂ ಬಾಗಿಲಲ್ಲೇ ಕುಡಿದು ಮುಗಿಸುತ್ತಿದ್ದ. ಅವಳು ನಿಂತು ನೋಡಿದಳು, ತೊಟ್ಟಿಕ್ಕುವುದು ನಿಲ್ಲುವವರೆಗೂ.

ಮಧ್ಯಾಹ್ನ ಜೇನಿನವನು ಬಂದ. ಎತ್ತರದ ಆಸಾಮಿ, ಗೂಡಿನೊಳಗೆ ಹೋಗಲು ಎರಡಾಗಿ ಮಡಚಿಕೊಳ್ಳಬೇಕಾಯಿತು. ಎಲ್ಲ ನೋಡಿ ಮೆಚ್ಚಿ, ‘ನಾಯೀನೂ ಬರುತ್ತೆ ಅಂದಿದ್ರಿ?’ ಎಂದ.

‘ಇಲ್ಲ. ಅವಳು ನನ್ನ ಜೊತೆ ಇರ್ತಾಳೆ.’

‘ಸರಿ ಬಿಡಿ. ಆ ಹಲಗೆಗಳನ್ನಾದ್ರೂ ಒಳಗೆ ಹಾಕಿಸಿ.’

‘ಹಲಗೆ ಗೂಡಿಗೆ ಸೇರಿದ್ದಲ್ಲ ಅಣ್ಣ’ ಎಂದಳು ತಕ್ಕಡಿ ಅಕ್ಕ. ‘ನಾಯಿಗೆ ಸೇರಿದ್ದು.’

ಅವನು ತಮ್ಮನ ಮುಖ ನೋಡಿದ. ತಮ್ಮ, ನಮ್ಮ ಮನೆಯಲ್ಲಿ ಹೀಗೇ ಎಂಬಂತೆ ಕೈ ಚೆಲ್ಲಿದ. ಗೂಡು ಹುಲ್ಲಿನ ಮೇಲೆ ಎರಡು ಗೆರೆ ಎಳೆದುಕೊಂಡು ತಿರುವಿನಲ್ಲಿ ಮರೆಯಾಯಿತು. ಪಾವು ಸ್ವಲ್ಪ ದೂರ ಹಿಂದೆ ನಡೆದು, ನಿಂತು, ವಾಪಸು ಬಂದು ಹಲಗೆಗಳನ್ನು ಮೂಸಿತು.

ಈಗ ಅಂಗಡಿಯ ಮಹಡಿಯಲ್ಲಿ, ಅವಳ ಮಂಚದ ಪಕ್ಕ, ಬಾಗಿಲಗಲದ ಒಂದು ಮರದ ಹಾಸು ಇದೆ. ಅದರ ಎಡತುದಿಯ ಕೆಳಗೆ ಆ ಹಲಗೆಗಳು. ಮೊದಲ ದಿನ ಪಾವು ಅದನ್ನು ಸುತ್ತುತ್ತಿದ್ದಾಗ ಅಮ್ಮ, ಮಗಳು ಇಬ್ಬರೂ ಉಸಿರು ಬಿಗಿಹಿಡಿದು ಬೇರೆ ಕಡೆ ನೋಡುವ ನಟನೆ ಮಾಡಿದರು. ದಬಕ್ಕೆಂದು ಸದ್ದು ಕೇಳಿದ ಮೇಲೆಯೇ ತಿರುಗಿದ್ದು.

‘ಏನಕ್ಕಾ ಇದು, ತಕ್ಕಡಿಯವಳ ಮನೇಲೇ ಸೊಟ್ಟ?’ ಎಂದು ತಮ್ಮ ಬಂದಾಗಲೆಲ್ಲ ಕೆಣಕುತ್ತಾನೆ.

‘ಸೊಟ್ಟ ಯಾರು ಹೇಳಿದ್ದು? ಅಳತೆ ಅಪ್ಪಂದು’ ಎನ್ನುತ್ತಾಳೆ ಅವಳು. ಮತ್ತೆ ಅವನ ಕೈಗೇ ಚಹಾ ಕೊಡುತ್ತಾಳೆ.