ಹಾರ್ನಿನ ಎರಡು ತಂತಿ

“ಓಯ್, ಪಕ್ಕಕ್ಕೆ ಓಗ್ರಪ್ಪೋ! ಕಾರು ಬತ್ತಾ ಅದೆ ಕಣ್ರಪ್ಪೋ!”

ಬಾಡಿಗೆ ಕಾರಿನ ಸೋಮಯ್ಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಅರಚುತ್ತ ಪಿರಿಯಾಪಟ್ಟಣದ ಪೇಟೆಬೀದಿಗೆ ಬಂದ. ಕಾರಿನ ಹಾರ್ನು ಮತ್ತೆ ಸತ್ತಿತ್ತು. ಕೊಡಗಿನ ರಸ್ತೆಯುದ್ದಕ್ಕೂ ಹಾರ್ನಿನ ಕೆಲಸವನ್ನು ತಾನೇ ಮಾಡಿಕೊಂಡು ಬಂದು ಅವನ ಗಂಟಲೂ ಹೆಚ್ಚುಕಮ್ಮಿ ಅದೇ ಗತಿಗೆ ಬಂದಿತ್ತು. ಹೊಗೆಸೊಪ್ಪಿನ ಗಾಡಿಗಳ ಎತ್ತುಗಳು ಅವನ ಕೂಗಿಗೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಗಾಡಿ ಹೊಡೆಯುವವರಂತೂ ಇನ್ನೊಂದು ಸಲ ಕೂಗು ಅಂತ ಹುರಿದುಂಬಿಸಿದರು. ಪುಟ್ಟಮಲ್ಲಪ್ಪನ ರಿಪೇರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಇಳಿದಾಗ ಅವನ ಮುಖ ನೋಡುವ ಹಾಗಿತ್ತು.

ಅಂಗಡಿಯೊಳಗೆ ಕುರ್ಚಿಯ ಮೇಲೆ ಕೂತಿದ್ದ ಚನ್ನಬಸವಣ್ಣ ದಡಕ್ಕನೆ ಎದ್ದ. ಅವನು ಪುಟ್ಟಮಲ್ಲಪ್ಪನ ಅಳಿಯ, ಒಬ್ಬಳೇ ಮಗಳು ಸರ್ವಮಂಗಳಳ ಗಂಡ. ಎರಡನೇ ಮಹಾಯುದ್ಧ ಮುಗಿದು ಉಳಿದಿದ್ದ ಮಿಲಿಟರಿ ಲಾರಿಗಳನ್ನು ರಿಪೇರಿ ಮಾಡುವ ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತವನು. ಮದುವೆಯಾದ ಮೇಲೆ ಮಾವನ ಜೊತೆಗೇ ದುಡಿಯೋಣ ಎಂದು ಇಲ್ಲಿಗೆ ಬಂದಿದ್ದ. ಆದರೆ ದುಡಿಯಲು ಮಾವ ಬಿಟ್ಟರೆ ತಾನೆ!

“ನೀವು ಕುಂತ್ಕಳಿ ಅಳಿಯಂದ್ರೆ,” ಎಂದ ಪುಟ್ಟಮಲ್ಲಪ್ಪ, ಇದ್ದಿಲ ಒಲೆಯ ಮುಂದೆ ಗೋಣಿತಾಟಿನ ಮೇಲೆ ಕೂತಿದ್ದವನು. “ಕೈ ಮಸಿ ಆಯ್ತದೆ. ಅಳಿಯನ ಕೈಲಿ ಮಸಿ ಕೆಲ್ಸ ಮಾಡುಸ್ತಾವ್ನೆ ಅಂತ ಊರವ್ರು ಆಡ್ಕೊಳ್ಳಕಿಲ್ವಾ?”

ಅಂಗಡಿಗೆಲ್ಲ ಇದ್ದದ್ದು ಅದೊಂದೇ ಕುರ್ಚಿ. ದಿನಾ ಬೆಳಿಗ್ಗೆ ಮಾವನೇ ಅದನ್ನು ತನ್ನ ಹೆಗಲ ವಸ್ತ್ರದಲ್ಲಿ ಒರೆಸಿ ಇಡುತ್ತಿದ್ದ. ಅದರ ಮೇಲೆ ಕೂತು, ಅತ್ತೆ ಪ್ರೇಮಮ್ಮ ಕಳಿಸಿದ ಕಾಫಿ ಕುಡಿದು, ಬಂದವರಿಗೆಲ್ಲ ಕೈ ಮುಗಿದು ಚನ್ನಬಸವಣ್ಣನಿಗೆ ಸಾಕುಸಾಕಾಗಿತ್ತು. ಆ ಕುರ್ಚಿಯನ್ನು ಕಂಡರೆ ಮೈ ಉರಿಯುತ್ತಿತ್ತು. ಹಿತ್ತಲಲ್ಲಿ ಹೆಂಡತಿಯ ಹತ್ತಿರ ಹೇಳಿಕೊಂಡರೆ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು.

“ನಮ್ಮಪ್ಪನ ಕಣ್ಗೆ ನೀವಿನ್ನೂ ಅಸೆಮಣೆ ಮ್ಯಾಲೇ ಕುಂತಿದ್ದೀರಿ.”

“ಇಳ್ಸದೇ ಇದ್ರೆ ನಾನು ಬೆಂಗ್ಳೂರಿಗೇ ವಾಪಸ್ ಹೋಗ್ತೀನಿ ಕಣೇ. ಹಿಂಗೆ ಕೂತು ತಿನ್ನಾಕೆ ನನ್ ಕೈಲಾಗಲ್ಲ,” ಅಂದಿದ್ದ ಅವನು. ಗಂಡ ತಮಾಷೆ ಮಾಡುತ್ತಿಲ್ಲ ಅಂತ ತಿಳಿದು ಸರ್ವಮಂಗಳ ಬಾಯಿಂದ ಸೆರಗು ತೆಗೆದಿದ್ದಳು.

ಸೋಮಯ್ಯ ಒಂದು ಚೊಂಬು ನೀರು ಕುಡಿದು ಗಂಟಲು ಸರಿಮಾಡಿಕೊಂಡ. “ಪುಟ್ಟಮಲ್ಲಣ್ಣ, ನಾಳೆ ಶಿವನಂಜಪ್ಪನ ಮಗನ ದಿಬ್ಬಣ ಮಿರ್ಲೆಗೆ ಓಗ್ಬೇಕು. ಊರ ಬಾಗ್ಲಿಂದ ಎಣ್ಣಿನ ಮನೆಗಂಟ ಆರ್ನ್ ಒಡ್ಕೊಂಡೇ ಬರ್ಬೇಕಂತೆ. ಇಲ್ದಿದ್ರೆ ಉಣ್ಸೂರಿನ ಕಾರು ಮಾಡ್ಕತೀನಿ ಅಂತಾವ್ನೆ. ನೀನು ಬೆಸುಗೆ ಆಕ್ತಾನೇ ಇದ್ದೀಯ, ಅದು ಬುಡ್ತಾನೇ ಅದೆ.”

“ನನ್ ಬೆಸುಗೆ ಬುಡಾಕಿಲ್ಲ ಕಣ್ಲಾ. ನಿನ್ ರಸ್ತೆ ಸರಿ ಇಲ್ಲ.”

ಪುಟ್ಟಮಲ್ಲಪ್ಪನ ಬೆಸುಗೆಯೆಂದರೆ ಸುಮ್ಮನೆ ಅಲ್ಲ. ತೂತು ಬಿದ್ದ ಕೊಡ, ಸೋರುವ ಲಾಟೀನು, ಒಡೆದ ಸ್ಟೋವು ಎಲ್ಲವೂ ಅವನ ಕೈಯಲ್ಲಿ ಹೊಸದಾಗುತ್ತಿದ್ದವು. ಬೆಸುಗೆ ಕಚ್ಚಲೆಂದು ನವಸಾಗರದ ಉಪ್ಪು ತಿಕ್ಕಿ, ಸೀಸ ಕರಗಿಸಿ ಬಿಟ್ಟರೆ ಮುಗಿಯಿತು, ಒಂದು ಹನಿ ನೀರು ಆಚೆ ಬರುತ್ತಿರಲಿಲ್ಲ. ಕಾರಿನ ತಂತಿ ಬಂದಾಗಲೂ ಅವನು ಕೊಡಕ್ಕೆ ಮಾಡಿದ ಹಾಗೆಯೇ ಅದಕ್ಕೂ ಧಾರಾಳವಾಗಿ ನವಸಾಗರ ತಿಕ್ಕಿದ್ದ. ಕುರ್ಚಿಯಿಂದ ಅದನ್ನು ನೋಡಿದಾಗಲೆಲ್ಲ ಚನ್ನಬಸವಣ್ಣನಿಗೆ ಬಾಯಿಯವರೆಗೆ ಮಾತು ಬಂದು ನಿಲ್ಲುತ್ತಿತ್ತು. ಇವತ್ತು ನಿಲ್ಲಲಿಲ್ಲ.

“ಮಾವ, ನಿಮ್ ಬೆಸುಗೆ ಗಟ್ಟೀನೇ. ಆದ್ರೆ ಅಲ್ಲಾಡೋ ತಂತಿಗೆ ಅದು ಬ್ಯಾಡ. ಬೆಸುಗೆ ಕೂತ ಕಡೆ ತಂತಿ ಸೆಟೆದು ಹೋಗ್ತದೆ, ಅದರ ಪಕ್ಕದಲ್ಲೇ ಮುರೀತದೆ.” ಜೇಬಿನಿಂದ ಬೆರಳ ಉಗುರಿನಷ್ಟುದ್ದದ ತಾಮ್ರದ ಕೊಳವೆಯೊಂದನ್ನು ತೆಗೆದು ತೋರಿಸಿದ. “ಎರಡು ತುದೀನೂ ಇದ್ರೊಳಗೆ ತೂರ್ಸಿ ಇಕ್ಕಳದಲ್ಲಿ ಅದುಮಿ ಒತ್ತಿಬಿಟ್ರೆ ಆಯ್ತು. ಬೆಂಕಿನೇ ಬೇಕಿಲ್ಲ.”

ಪುಟ್ಟಮಲ್ಲಪ್ಪ ಕೊಳವೆಯನ್ನು ಅಂಗೈಯಲ್ಲಿಟ್ಟು ನೋಡಿದ. ನಗು ತಡೆಯಲಾಗಲಿಲ್ಲ. “ಕರ್ಜಿಕಾಯಿ ಅಂಚು ಒತ್ತಿದಂಗೆ ಒತ್ತಾದಾ? ಬೆಂಕಿ ಕಾಣ್ದಿದ್ದು ನಿಂತ್ಕತದಾ ಅಳಿಯಂದ್ರೆ? ಅದೇನಿದ್ರೂ ನಿಮ್ಮತ್ತೆ ಕೆಲ್ಸ.”

ಚನ್ನಬಸವಣ್ಣನ ಮುಖ ಕೆಂಪಾಯಿತು. ಸೋಮಯ್ಯನಿಗೆ ಮಾವ ಅಳಿಯಂದಿರ ವಾದ ಕೇಳುತ್ತ ಕೂರಲು ಪುರುಸೊತ್ತಿರಲಿಲ್ಲ. “ಆರ್ನಿಗೆ ಎರಡು ತಂತಿ ಅವೆ ತಾನೆ? ಬ್ಯಾಟ್ರಿ ಕಡೇದು ನೀನು ಮಾಡಣ್ಣ. ಒತ್ತೋ ಗುಂಡಿ ಕಡೇದು ಇವ್ರು ಮಾಡ್ಲಿ. ನಾಳೆ ಇಬ್ರೂ ನನ್ ಜೊತೆ ದಿಬ್ಬಣಕ್ಕೆ ಬನ್ನಿ. ಕೈ ಕೊಟ್ರೆ ಯಾರ್ದು ಅಂತ ಅಲ್ಲೇ ಗೊತ್ತಾಯ್ತದೆ.”

ಅಳಿಯ ಬಾಯಿಬಿಟ್ಟು ಹೇಳಿದ ಮೇಲೆ ಬೇಡ ಎನ್ನುವುದು ಹೇಗೆ? ಪುಟ್ಟಮಲ್ಲಪ್ಪ ಒಪ್ಪಿದ. ಒಪ್ಪಿದವನು, ಅಳಿಯನ ಅಂಗಿ ಕೊಳೆಯಾಗದಿರಲಿ ಎಂದು ಮಡ್ಗಾರ್ಡಿನ ಮೇಲೆ ಮಡಿಸಿದ ಪಂಚೆಯನ್ನೂ ಹಾಸಿಕೊಟ್ಟ. ಅದರ ಮೇಲೆ ಮೊಣಕೈ ಊರಿಕೊಂಡು ಕೆಲಸ ಮಾಡುವಾಗ ಚನ್ನಬಸವಣ್ಣನಿಗೆ ಆ ಕುರ್ಚಿಯ ಮೇಲೇ ಕೂತು ಮಾಡಿದ ಹಾಗೆ ಅನಿಸಿತು.

ಮಾರನೆಯ ದಿನ ಹಾರ್ನು ಭರ್ಜರಿಯಾಗಿ ಹೊಡೆಯಿತು. ಹುಣಸೂರು ದಾಟುವವರೆಗೆ ಸೋಮಯ್ಯ ಕಾರಣವಿದ್ದರೂ ಒತ್ತಿದ, ಇಲ್ಲದಿದ್ದರೂ ಒತ್ತಿದ. ಮರದ ಮೇಲಿನ ಕೋತಿಗಳಿಗೂ ಒತ್ತಿದ. ಮದುವಣಿಗ ಹಿಂದೆ ಬಾಸಿಂಗವನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದ. ಶಿವನಂಜಪ್ಪ ಜರಿಪೇಟ ಸುತ್ತಿ ಮೀಸೆ ತಿರುವುತ್ತಿದ್ದ. ಕೃಷ್ಣರಾಜನಗರದ ಆಚೆ ರಸ್ತೆ ಕೆಟ್ಟಿತ್ತು. ಕಾರು ಎಲ್ಲರನ್ನೂ ಮೊರದಲ್ಲಿ ಹಾಕಿ ಕೇರಿತು. ಕೊನೆಗೆ ಮಿರ್ಲೆಯ ತೋಪು ಕಂಡು, ಓಲಗದ ಸದ್ದೂ ಕೇಳಿಸಿತು. ಸೋಮಯ್ಯ ಗುಂಡಿಯನ್ನು ಜೋರಾಗಿ ಒತ್ತಿದ.

ಹಾರ್ನು ತೆಪ್ಪಗಿತ್ತು.

“ಏನ್ಲಾ ಸೋಮಯ್ಯ!” ಎಂದು ಶಿವನಂಜಪ್ಪ ಗುಡುಗಿದ. ಹಿಂದೆ ಬರುತ್ತಿದ್ದ ದಿಬ್ಬಣದ ಲಾರಿಯೂ ನಿಂತಿತು. ಜನ ಇಳಿದು ಸುತ್ತ ನೆರೆದರು. ಬಾನೆಟ್ ಎತ್ತಿದ ಕೂಡಲೇ ಚನ್ನಬಸವಣ್ಣ ಬಗ್ಗಿ ನೋಡಿದ. ಅವನು ಒತ್ತಿದ ಕೊಳವೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ಮಾವನ ಬೆಸುಗೆಯೂ ಮಿರಮಿರ ಮಿಂಚುತ್ತಿತ್ತು. ಆದರೆ ಅದರ ಪಕ್ಕದಲ್ಲೇ ತಂತಿ ಮುರಿದು ನೇತಾಡುತ್ತಿತ್ತು.

ಅವನು ತಲೆ ಎತ್ತಿದ. ಮಾವ ಬಿಳಿ ಅಂಗಿ, ಬಿಳಿ ರುಮಾಲಿನಲ್ಲಿ, ಹಣೆತುಂಬ ವಿಭೂತಿ ಧರಿಸಿ ನಿಂತಿದ್ದ. ಸುತ್ತ ಇದ್ದವರಲ್ಲಿ ಅರ್ಧ ಜನರ ಮನೆಯ ಕೊಡಕ್ಕೆ ಅವನದೇ ಬೆಸುಗೆ. ಚನ್ನಬಸವಣ್ಣ ಮುರಿದ ತಂತಿ ಕಾಣದ ಹಾಗೆ ಅಡ್ಡ ನಿಂತ.

“ನಂದೇ ಮಾವ,” ಎಂದುಬಿಟ್ಟ. “ನಾನು ಒತ್ತಿದ್ದೇ ಬಿಟ್ಕೊಂಡದೆ.”

“ಇಸುಕಿದ್ರೆ ನಿಂತದಾ ಅಂತ ನಾನಾಗ್ಲೇ ಅಂದ್ಕಂಡೆ,” ಎಂದ ಶಿವನಂಜಪ್ಪ ಕಾರಿನೊಳಗಿಂದಲೇ. ಯಾರೋ ನಕ್ಕರು.

ಪುಟ್ಟಮಲ್ಲಪ್ಪ ಕನ್ನಡಕ ಸರಿಮಾಡಿಕೊಂಡು ತಾನೂ ಬಗ್ಗಿದ. ಕೊಳವೆಯನ್ನು ಹಿಡಿದು ಎಳೆದ. ಬರಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದ. ಆಮೇಲೆ ತನ್ನ ಬೆಸುಗೆಯ ತಂತಿಯನ್ನು ಬೆಳಕಿಗೆ ಹಿಡಿದ. ಮುರಿದ ಎಳೆಗಳು ಹಿಂದಿನ ಬೆಸುಗೆಗಳಲ್ಲಿ ತಿಕ್ಕಿದ ನವಸಾಗರಕ್ಕೆ ಹಸಿರು ಕಟ್ಟಿ, ಉಗುರು ತಾಗಿದರೆ ಉದುರುತ್ತಿದ್ದವು. ಅವನು ತಲೆ ಎತ್ತಿ ಅಳಿಯನನ್ನು ದುರುಗುಟ್ಟಿ ನೋಡಿದ.

“ಸುಳ್ಳು ಯೋಳ್ತೀಯೇನ್ಲಾ ಚನ್ನಾ?”

ಅಳಿಯನಿಗೆ ಲಾ! ನೆರೆದವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

“ನನ್ ಮಾನ ಉಳ್ಸಾಕೆ ನಿನ್ ಕೆಲ್ಸದ ಮ್ಯಾಲೆ ಮಣ್ಣಾಕ್ಕತೀಯಾ? ಕೆಲ್ಸಗಾರ ಆದೋನು ಅಂಗ್ ಮಾಡ್ತಾನಾ? ಕಿತ್ತೋಗಿರಾದು ನಂದು ಕಣ್ರಪ್ಪೋ, ಎಲ್ರೂ ಬಂದು ನೋಡ್ಕಳಿ!” ಎಂದು ತಂತಿಯನ್ನು ಎತ್ತಿ ತೋರಿಸಿದ. ಮತ್ತೆ ಅಳಿಯನ ಕಡೆ ತಿರುಗಿ, “ಇನ್ನೂ ಪಿಳಿಪಿಳಿ ಅಂತ ನೋಡ್ತಾ ನಿಂತವ್ನೆ! ಇಕ್ಕಳ ತಗಿ! ಮೂರ್ತ ಮೀರೋಯ್ತದೆ!” ಎಂದು ಬೈದ.

ಇಷ್ಟು ದಿನ ಕಾಫಿಯ ಜೊತೆ ಸಿಕ್ಕ ಮರ್ಯಾದೆಯೆಲ್ಲ ಸೇರಿದರೂ ಈ ಒಂದು ಬೈಗುಳದಷ್ಟು ಹಿತವಾಗಿರಲಿಲ್ಲ. ಚನ್ನಬಸವಣ್ಣ ತಂತಿಯನ್ನು ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ ಹೆರೆದ. ಮಾವ ಎರಡು ತುದಿಗಳನ್ನೂ ಇನ್ನೊಂದು ಕೊಳವೆಯೊಳಗೆ ಹಿಡಿದುಕೊಟ್ಟ. ಗ್ರೀಸು ಬಿಳಿ ಅಂಗಿಯ ತೋಳಿಗೆ ಮೆತ್ತಿತು. ಅಳಿಯ ಅದುಮಿ ಒತ್ತಿದ.

“ಅದ್ಯಾಕ್ಲಾ ಅಲ್ಲು ಬುಡ್ತೀಯ?”

“ಏನಿಲ್ಲ ಮಾವ.”

ಸೋಮಯ್ಯ ಗುಂಡಿ ಒತ್ತಿದ. ಹಾರ್ನು ಎಷ್ಟು ಜೋರಾಗಿ ಕೂಗಿತೆಂದರೆ ಮದುವಣಿಗನ ಕೈಯಿಂದ ಬಾಸಿಂಗ ಜಾರಿ ಶಿವನಂಜಪ್ಪನ ತೊಡೆಯ ಮೇಲೆ ಬಿತ್ತು.

ದಿಬ್ಬಣದಿಂದ ವಾಪಸಾದ ಮರುದಿನ ಚನ್ನಬಸವಣ್ಣ ಅಂಗಡಿಗೆ ಬರುವ ಹೊತ್ತಿಗೆ ಸೋಮಯ್ಯನ ಕಾರು ಮುಂದೆ ನಿಂತಿತ್ತು. ಈ ಸಲ ರೇಡಿಯೇಟರು ಸೋರುತ್ತಿತ್ತು.

“ನೀರಿಂದು ನಂದು, ಕರೆಂಟಿಂದು ಅವನ್ದು,” ಎಂದು ಪುಟ್ಟಮಲ್ಲಪ್ಪ ಒಲೆ ಊದುತ್ತ ಸೋಮಯ್ಯನಿಗೆ ಹೇಳುತ್ತಿದ್ದ. “ದೀಪದ ತಂತೀನೂ ತೋರ್ಸು ಅವನ್ಗೆ. ಅವೂ ನಾನೇ ಬೆಸ್ದಿರಾವು.”

ಸೋಮಯ್ಯ ಬೀದಿಯ ಹೊಂಗೆ ಮರದ ಕೆಳಗೆ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಅವನು ಕೂತಿದ್ದದ್ದು ಆ ಕುರ್ಚಿಯ ಮೇಲೆ. ಕಾಫಿ ತಂದ ಸರ್ವಮಂಗಳ ಕುರ್ಚಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಬಾಯಿಗೆ ಸೆರಗು ಹಿಡಿದಳು.

ಒಳಗೆ ಮಾವನ ಗೋಣಿತಾಟಿನ ಪಕ್ಕದಲ್ಲಿ ಇನ್ನೊಂದು ಗೋಣಿತಾಟು ಹಾಸಿತ್ತು. ಅದರ ಮೇಲೆ ಇಕ್ಕಳ ಇತ್ತು.